ನೋಟ್‌ಬುಕ್ಕಿನೊಳಗಿನ ತಲೆ ತಿರುಗುತ್ತಿಲ್ಲ, ನನ್ನ ತಲೆ ಮಾತ್ರ ತಿರುಗುತ್ತಿದೆ

ಪ್ರಶ್ನೆ: ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಓದಿದ್ದು ಮನಶ್ಶಾಸ್ತ್ರ, ಪೈಥಾನ್ ಕಲಿತದ್ದು ಅನಿವಾರ್ಯಕ್ಕೆ. 64 ಎಲೆಕ್ಟ್ರೋಡುಗಳ ಇಇಜಿ (ತಲೆಯ ಮೇಲಿನಿಂದ ಅಳೆದ ಮೆದುಳಿನ ವಿದ್ಯುತ್) ದತ್ತಾಂಶವನ್ನು ಎಂಎನ್‌ಇ-ಪೈಥಾನ್ ಎಂಬ ಸಾಫ್ಟ್‌ವೇರ್ ಬಳಸಿ ವಿಶ್ಲೇಷಿಸುತ್ತಿದ್ದೇನೆ. ಕೆಲವು ಸ್ವಯಂಸೇವಕರ ಎಂಆರ್‌ಐ ಕೂಡ ಇದೆ. ವಿಭಾಗದ ಸರ್ವರಿನಲ್ಲಿ ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ಹಾಕಿಕೊಟ್ಟಿದ್ದಾರೆ, ಹಾಸ್ಟೆಲಿನಿಂದ ಬ್ರೌಸರ್‌ನಲ್ಲಿ ಅದನ್ನೇ ತೆರೆಯುತ್ತೇನೆ. ತಲೆ ಮತ್ತು ಮೆದುಳನ್ನು ಮೂರು ಆಯಾಮದಲ್ಲಿ ತೋರಿಸುವ ಸಾಲು ಬಂದ ಕೂಡಲೇ ಒಂದು ಖಾಲಿ ಚೌಕ ಬರುತ್ತದೆ, ಇಲ್ಲವೇ ‘ಕರ್ನಲ್ ಸತ್ತಿದೆ’ ಎಂಬ ಸಂದೇಶ. ಅದೇ ಕೋಡ್ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಆದರೆ ಅಲ್ಲಿಯೂ ಮೊದಲ ಸಲ 64 ಎಲೆಕ್ಟ್ರೋಡುಗಳೂ ಮೆದುಳಿನ ನಟ್ಟನಡುವೆ ಒಂದೇ ಚುಕ್ಕೆಯಾಗಿ ಕೂತವು. ಸಾವಿರದಿಂದ ಗುಣಿಸಿದೆ. ಈಗ ನೆತ್ತಿಯಿಂದ ಎರಡು ಬೆರಳು ಮೇಲೆ ಓರೆಯಾಗಿ ತೇಲುತ್ತಿವೆ. ಗ್ರಾಫಿಕ್ಸ್ ಕಾರ್ಡ್ ಇರುವ ಒಂದೂವರೆ ಲಕ್ಷದ ಲ್ಯಾಪ್‌ಟಾಪ್ ತೆಗೆದುಕೊಳ್ಳದೆ ಇದು ಬಗೆಹರಿಯುವುದಿಲ್ಲ ಎನ್ನುತ್ತಾರೆ ಹಿರಿಯರು. ಗೈಡ್‌ಗೆ ಮುಂದಿನ ತಿಂಗಳ ಸೆಮಿನಾರಿಗೆ ‘ತಿರುಗುವ ಮೆದುಳು’ ಬೇಕಂತೆ, ನೋಟ್‌ಬುಕ್ಕನ್ನು ವಾಟ್ಸಾಪ್‌ನಲ್ಲಿ ಕಳಿಸು ಅಂದಿದ್ದಾರೆ. ಸಾಲ ಮಾಡಿ ಲ್ಯಾಪ್‌ಟಾಪ್ ತಗೊಳ್ಳಲೇ? ಎಲೆಕ್ಟ್ರೋಡುಗಳ ಗತಿ ಏನು?

ಉತ್ತರ: ಮೊದಲು ಸಾಲದ ವಿಷಯ. ಬೇಡ. ನೀವು ಬರೆದಿರುವ ಐದಾರು ತೊಂದರೆಗಳಲ್ಲಿ ಒಂದೂ ಗ್ರಾಫಿಕ್ಸ್ ಕಾರ್ಡಿನದ್ದಲ್ಲ. ಕೋಡಿನ ತಪ್ಪು ಎಂದು ರಾತ್ರಿಯೆಲ್ಲ ಅದನ್ನೇ ತಿದ್ದುತ್ತ ಕೂತಿರಬೇಕು ನೀವು. ಖಾಲಿ ಚೌಕಕ್ಕೂ ಸತ್ತ ಕರ್ನಲ್‌ಗೂ ನಿಮ್ಮ ಕೋಡ್ ಕಾರಣವಲ್ಲ. ಎಲೆಕ್ಟ್ರೋಡುಗಳ ಕತೆ ಮಾತ್ರ ಬೇರೆ, ಅದು ನಿಮ್ಮದೇ. ನಿಮಗೆ ಹೆಚ್ಚು ಹೆದರಿಕೆ ಹುಟ್ಟಿಸಿರುವುದು ಖಾಲಿ ಪರದೆ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ‘ಸಾವಿರದಿಂದ ಗುಣಿಸಿದೆ’ ಎಂಬ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಮಿದುಳಿನ ಚಿತ್ರಗಳ ಕೆಲಸ ಮಾಡುವ ಪ್ರಯೋಗಾಲಯಗಳಿಗೆ ಹಲವು ವರ್ಷಗಳಿಂದ ಸಾಫ್ಟ್‌ವೇರ್ ಹೊಂದಿಸಿಕೊಡುತ್ತಿದ್ದೇನೆ. ಯಾರಾದರೂ ‘ಕಾಣುತ್ತಿಲ್ಲ’ ಎಂದು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಚಿತ್ರ ಎಲ್ಲಿ ತಯಾರಾಗುತ್ತಿದೆ? ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಅದು ಅವರ ತಪ್ಪಲ್ಲ. ನೋಟ್‌ಬುಕ್ ಎನ್ನುವುದು ಒಂದೇ ಜಾಗದಲ್ಲಿ ಇರುವ ಹಾಗೆ ಕಾಣುತ್ತದೆ, ಇರುವುದು ಎರಡು ಜಾಗದಲ್ಲಿ. ನೀವು ಟೈಪ್ ಮಾಡುವ ಸೆಲ್ ಹಾಸ್ಟೆಲಿನ ಬ್ರೌಸರ್‌ನಲ್ಲಿದೆ. ಲೆಕ್ಕ ಮಾಡುವ ಕರ್ನಲ್ ವಿಭಾಗದ ಸರ್ವರಿನಲ್ಲಿದೆ. ಸಾಮಾನ್ಯ ಗೆರೆಚಿತ್ರವಾದರೆ ಸರ್ವರ್ ಒಂದು ಫೋಟೋ ಮಾಡಿ ಕಳಿಸಿ ಕೈತೊಳೆದುಕೊಳ್ಳುತ್ತದೆ. ಮೌಸ್ ಹಿಡಿದು ತಿರುಗಿಸುವ ತಲೆ ಹಾಗಲ್ಲ. ನೀವು ತಿರುಗಿಸಿದಷ್ಟೂ ಸಲ ಯಾರೋ ಅದನ್ನು ಹೊಸದಾಗಿ ಬರೆಯಬೇಕು. ಆ ‘ಯಾರೋ’ ಸರ್ವರ್ ಆಗಬಹುದು, ನಿಮ್ಮ ಬ್ರೌಸರ್ ಆಗಬಹುದು.

ಎಂಎನ್‌ಇ-ಪೈಥಾನ್ ಮೂರು ಆಯಾಮದ ಕೆಲಸಕ್ಕೆ ಪೈವಿಸ್ಟಾ ಎಂಬ ಲೈಬ್ರರಿಯನ್ನು ಬಳಸುತ್ತದೆ. ಪೈವಿಸ್ಟಾದ ಅಡಿಯಲ್ಲಿರುವುದು ವಿಟಿಕೆ, 1993ರಿಂದ ಬಳಕೆಯಲ್ಲಿರುವ ಹಳೆಯ ಹುಲಿ. ವಿಟಿಕೆ ಹುಟ್ಟಿದ ಕಾಲದಲ್ಲಿ ಕಂಪ್ಯೂಟರ್ ಎಂದರೆ ಮುಂದೆ ಒಂದು ಮಾನಿಟರ್ ಇರಲೇಬೇಕು. ಹಾಗಾಗಿ ಚಿತ್ರ ಬರೆಯುವ ಮುನ್ನ ಅದು ‘ಪರದೆ ಎಲ್ಲಿ?’ ಎಂದು ಹುಡುಕುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಗುಂಯ್‌ಗುಡುತ್ತ ಕೂತಿರುವ ನಿಮ್ಮ ವಿಭಾಗದ ಸರ್ವರಿಗೆ ಮಾನಿಟರೇ ಇಲ್ಲ. ಹಳೆಯ ವಿಟಿಕೆ ಆಗ ಸೌಜನ್ಯದಿಂದ ಎರರ್ ಕೊಡುವುದಿಲ್ಲ, ಇಡೀ ಪ್ರೊಸೆಸ್ಸನ್ನೇ ಕೆಡವಿಕೊಂಡು ಬೀಳುತ್ತದೆ. ನಿಮ್ಮ ಕರ್ನಲ್ ‘ಸತ್ತದ್ದು’ ಬಹುಮಟ್ಟಿಗೆ ಹೀಗೆ. ಸರ್ವರಿನ ಲಾಗ್ ತೆರೆದು ನೋಡಿಸಿ, ‘ಬ್ಯಾಡ್ ಎಕ್ಸ್ ಸರ್ವರ್ ಕನೆಕ್ಷನ್’ ಎಂದಿದ್ದರೆ ಇದೇ ಕಾಯಿಲೆ.

ಔಷಧಿ ಎರಡು ಬಗೆ. ಒಂದು, ಎಕ್ಸ್‌ವಿಎಫ್‌ಬಿ ಎಂಬ ಪ್ರೋಗ್ರಾಂ ಹಾಕಿಸುವುದು. ಅದು ಕಂಪ್ಯೂಟರಿನ ಮೆಮೊರಿಯಲ್ಲೇ ಒಂದು ಸುಳ್ಳು ಪರದೆ ಹಿಡಿದು ನಿಂತು ವಿಟಿಕೆಯನ್ನು ಸಮಾಧಾನಪಡಿಸುತ್ತದೆ. ಹಳೆಯ ಲೇಖನಗಳೆಲ್ಲ ಇದನ್ನೇ ಹೇಳುತ್ತವೆ. ಇನ್ನೊಂದು, ಪರದೆಯೇ ಬೇಡದ ಬಗೆಯಲ್ಲಿ ಕಟ್ಟಿದ ವಿಟಿಕೆ. 9.4ನೇ ಆವೃತ್ತಿಯಿಂದ ಈಚೆಗೆ ಲಿನಕ್ಸಿನಲ್ಲಿ ಪರದೆ ಸಿಗದಿದ್ದರೆ ಅದು ತಾನೇ ಪರದೆರಹಿತ ದಾರಿಗೆ ಹೊರಳುತ್ತದೆ. ಆದ್ದರಿಂದ ಸಿಸ್ಟಂ ನೋಡಿಕೊಳ್ಳುವವರ ಬಳಿ ಹೋಗುವ ಮುನ್ನ ನಿಮ್ಮ ವಿಟಿಕೆ ಆವೃತ್ತಿ ಎಷ್ಟೆಂದು ನೋಡಿಕೊಳ್ಳಿ. ಹೊಸ ಎನ್ವಿರಾನ್‌ಮೆಂಟ್ (ಲೈಬ್ರರಿಗಳ ಪ್ರತ್ಯೇಕ ಕಟ್ಟು) ಒಂದನ್ನು ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕರ್ನಲ್ ಬದುಕಿದೆ, ಆದರೆ ಚೌಕ ಖಾಲಿ ಎಂದರೆ ಅದು ಬೇರೆ ರೋಗ. ನೋಟ್‌ಬುಕ್ಕಿನೊಳಗೆ ತಿರುಗಿಸುವ ಚಿತ್ರ ತೋರಿಸಲು ಪೈವಿಸ್ಟಾ ಟ್ರೇಮ್ ಎಂಬ ಪುಟ್ಟ ವೆಬ್ ಸರ್ವರ್ ಒಂದನ್ನು ಹಿನ್ನೆಲೆಯಲ್ಲಿ ಎಬ್ಬಿಸುತ್ತದೆ. ಅದು ನಿಮ್ಮ ಬ್ರೌಸರ್‌ಗೆ ‘ಲೋಕಲ್‌ಹೋಸ್ಟಿನ ಇಂಥ ಪೋರ್ಟಿನಲ್ಲಿ ನಾನಿದ್ದೇನೆ, ಬಂದು ನೋಡು’ ಎನ್ನುತ್ತದೆ. ಲೋಕಲ್‌ಹೋಸ್ಟ್ ಎಂದರೆ ‘ಇದೇ ಯಂತ್ರ’, ಪೋರ್ಟ್ ಎಂದರೆ ಅದರ ಒಂದು ಬಾಗಿಲು. ಗೆಳತಿಯ ಲ್ಯಾಪ್‌ಟಾಪಿನಲ್ಲಿ ಕರ್ನಲ್ಲೂ ಬ್ರೌಸರ್ರೂ ಒಂದೇ ಯಂತ್ರದಲ್ಲಿವೆ, ಹಾಗಾಗಿ ವಿಳಾಸ ಸರಿ. ನಿಮ್ಮಲ್ಲಿ ಸರ್ವರ್ ತನ್ನ ಮನೆಯ ಬಗ್ಗೆ ‘ಇದೇ ಮನೆ’ ಎಂದು ಪತ್ರ ಬರೆಯಿತು, ಪತ್ರ ಓದಿದ ಬ್ರೌಸರ್ ಹಾಸ್ಟೆಲಿನ ಲ್ಯಾಪ್‌ಟಾಪಿನ ಬಾಗಿಲು ತಟ್ಟಿತು. ಅಲ್ಲಿ ಯಾರಿದ್ದಾರೆ? ಖಾಲಿ ಚೌಕ. ಎಂಎನ್‌ಇಯ ನೋಟ್‌ಬುಕ್ ಬ್ಯಾಕೆಂಡ್ (ಚಿತ್ರ ತೋರಿಸುವ ಒಳವ್ಯವಸ್ಥೆ) ಕೂಡ ಇದೇ ದಾರಿಯಲ್ಲಿ ಹೋಗುತ್ತದೆ. ಜುಪಿಟರ್ ಸರ್ವರ್ ಪ್ರಾಕ್ಸಿ ಎಂಬ ವಿಸ್ತರಣೆಯನ್ನು ಸರ್ವರಿನಲ್ಲಿ ಹಾಕಿಸಿ, ಟ್ರೇಮ್‌ಗೆ ಆ ದಾರಿ ತಿಳಿಸಿದರೆ ಚಿತ್ರ ಅದೇ ಜುಪಿಟರ್ ವಿಳಾಸದ ಮೂಲಕ ಬರುತ್ತದೆ. ಇದು ಸಿಸ್ಟಂ ನೋಡಿಕೊಳ್ಳುವವರ ಕೆಲಸ, ನಿಮ್ಮದಲ್ಲ. ಅವರಿಗೆ ‘ಮೆದುಳು ಕಾಣುತ್ತಿಲ್ಲ’ ಎಂದು ಹೇಳಬೇಡಿ, ನಗುತ್ತಾರೆ. ‘ಟ್ರೇಮ್ ತೆರೆಯುವ ಪೋರ್ಟು ಪ್ರಾಕ್ಸಿಯಲ್ಲಿ ಹಾಯುತ್ತಿಲ್ಲ’ ಎನ್ನಿ. ಎಸ್‌ಎಸ್‌ಎಚ್ (ಸರ್ವರಿಗೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಪ್ರವೇಶ ಇದ್ದರೆ ಆ ಪೋರ್ಟನ್ನು ನೀವೇ ಸುರಂಗ ಮಾಡಿ ಎಳೆದುಕೊಳ್ಳಲೂಬಹುದು.

ಈ ರಗಳೆಯನ್ನೆಲ್ಲ ಇವತ್ತಿಗೆ ಪಕ್ಕಕ್ಕಿಡಬೇಕೆಂದರೆ ಪೈವಿಸ್ಟಾದ ಜುಪಿಟರ್ ಬ್ಯಾಕೆಂಡನ್ನು ‘ಸ್ಟ್ಯಾಟಿಕ್’ಗೆ ಬದಲಿಸಿ. ತಿರುಗುವುದಿಲ್ಲ, ಫೋಟೋ ಬರುತ್ತದೆ. ‘ಎಚ್‌ಟಿಎಂಎಲ್’ ಎಂಬ ಇನ್ನೊಂದು ಆಯ್ಕೆಯಲ್ಲಿ ಮೆಶ್ (ತ್ರಿಕೋನಗಳಿಂದ ಹೆಣೆದ ಆಕಾರ) ಪೂರ್ತಿಯಾಗಿ ಬ್ರೌಸರ್‌ಗೆ ಬಂದು ಅಲ್ಲೇ ತಿರುಗುತ್ತದೆ. ಬೇರೆ ಪೋರ್ಟಿನ ಗೊಡವೆಯೇ ಇಲ್ಲ. ಆದರೆ ಇವು ನೀವೇ ಪೈವಿಸ್ಟಾದಲ್ಲಿ ನೇರವಾಗಿ ಕಟ್ಟಿದ ಚಿತ್ರಗಳಿಗೆ. ಎಂಎನ್‌ಇಯ ಮೆದುಳಿನ ಕಿಟಕಿಗೆ ಅದರದೇ ಗುಂಡಿ, ಸ್ಲೈಡರುಗಳು ಇರುವುದರಿಂದ ಅದು ಜೀವಂತ ಕರ್ನಲ್ಲನ್ನು ಬೇಡುತ್ತದೆ. ನಿನ್ನೆ ಕಂಡ ತಲೆ ಇವತ್ತು ನೋಟ್‌ಬುಕ್ ತೆರೆದಾಗ ಮಾಯವಾಗಿದ್ದರೆ ಕಾರಣ ಇದೇ: ಕಡತದಲ್ಲಿ ಉಳಿದದ್ದು ಚೌಕ, ಅದರೊಳಗಿದ್ದವರು ಕರ್ನಲ್ ಜೊತೆ ಹೋದರು.

ಇನ್ನೊಂದು ಎಚ್ಚರ. ಹುಡುಕಿದಾಗ ಸಿಗುವ ಉತ್ತರಗಳ ತಾರೀಕು ನೋಡಿ. ಎಂಎನ್‌ಇ ಮೊದಲು ಮಯಾವಿ ಎಂಬ ಲೈಬ್ರರಿ ಬಳಸುತ್ತಿತ್ತು, 2022ರಲ್ಲಿ 1.0 ಆವೃತ್ತಿ ಬರುವ ಹೊತ್ತಿಗೆ ಅದನ್ನು ಕೈಬಿಟ್ಟರು. ಹಳೆಯ ಉತ್ತರದ ಪ್ರಕಾರ ಮಯಾವಿ ಹಾಕಲು ಹೋಗಿ ಇಡೀ ಎನ್ವಿರಾನ್‌ಮೆಂಟ್ ಹಾಳುಮಾಡಿಕೊಂಡವರನ್ನು ಬಹಳ ಮಂದಿ ನೋಡಿದ್ದೇನೆ.

ಈಗ ಗ್ರಾಫಿಕ್ಸ್ ಕಾರ್ಡಿನ ನಂಬಿಕೆ ಎಷ್ಟು ಟೊಳ್ಳು ಎಂದು ಲೆಕ್ಕ ಹಾಕಿ ನೋಡೋಣ. ನೀವು ಬಳಸುತ್ತಿರುವ ಎಫ್‌ಎಸ್‌ಆವರೇಜ್ ಎಂಬ ಮಾದರಿ ಮೆದುಳು 40 ಜನರ ಮೆದುಳುಗಳನ್ನು ಹೊಂದಿಸಿ, ಎಂಆರ್‌ಐಯಿಂದ ಮೆದುಳಿನ ಮೇಲ್ಮೈ ಕಟ್ಟುವ ಫ್ರೀಸರ್ಫರ್ ಸಾಫ್ಟ್‌ವೇರಿನ ತಂಡ ಮಾಡಿದ್ದು. ಅದರ ಒಂದೊಂದು ಅರ್ಧಗೋಳದಲ್ಲೂ 1,63,842 ಬಿಂದುಗಳು, 3,27,680 ತ್ರಿಕೋನಗಳು. ಎರಡೂ ಸೇರಿ ಆರೂವರೆ ಲಕ್ಷ ತ್ರಿಕೋನ. ಕೇಳಲು ದೊಡ್ಡದು, ಕಡತವಾಗಿ ಸುಮಾರು 12 ಎಂಬಿ. ಮದುವೆ ಮನೆಯಿಂದ ಬರುವ ಒಂದು ವಾಟ್ಸಾಪ್ ವಿಡಿಯೋಗಿಂತ ಚಿಕ್ಕದು. ಯಾವುದೇ ಮಾಮೂಲಿ ಲ್ಯಾಪ್‌ಟಾಪಿನೊಳಗಿನ ಗ್ರಾಫಿಕ್ಸ್ ಇದನ್ನು ಸಲೀಸಾಗಿ ತಿರುಗಿಸುತ್ತದೆ.

ಭಾರ ಬರುವುದು ಆಕಾರದಿಂದಲ್ಲ, ಕಾಲದಿಂದ. ಆ ಮೂರೂಕಾಲು ಲಕ್ಷ ಬಿಂದುಗಳಿಗೆ ನೂರು ಕ್ಷಣಗಳ ಬಣ್ಣದ ಬೆಲೆಯನ್ನೆಲ್ಲ ಬ್ರೌಸರ್‌ಗೆ ಕಳಿಸಿದಿರೋ, 130 ಎಂಬಿ ಆಯಿತು. ನೋಟ್‌ಬುಕ್ಕಿನೊಳಗೆ ಅಕ್ಷರರೂಪದಲ್ಲಿ ಕೂರುವಾಗ ಅದರ ಮೇಲೆ ಇನ್ನೂ ಮೂರನೇ ಒಂದು ಭಾಗ. ಹಾಸ್ಟೆಲ್ ವೈಫೈ ಅಲ್ಲೇ ಮಂಡಿಯೂರುತ್ತದೆ. ಆದರೆ ನಿಮ್ಮ ನಿಜವಾದ ಲೆಕ್ಕ ನಡೆದಿರುವುದು ಅಷ್ಟು ಬಿಂದುಗಳಲ್ಲಿ ಅಲ್ಲವಲ್ಲ! ‘ಆಕ್ಟ್6’ ಎಂಬ ರೂಢಿಯ ಅಂತರದಲ್ಲಿ ಅರ್ಧಗೋಳಕ್ಕೆ 4,098, ಒಟ್ಟು 8,196 ಮೂಲಬಿಂದುಗಳು, ಅಂದರೆ ವಿದ್ಯುತ್ ಎಲ್ಲಿ ಹುಟ್ಟಿತು ಎಂದು ಊಹಿಸುವ ಜಾಗಗಳು. ಉಳಿದದ್ದೆಲ್ಲ ನಡುವಿನ ಜಾಗಕ್ಕೆ ಬಳಿದ ಬಣ್ಣ. ಬರಿಯ ನೋಟಕ್ಕೆ 10,242 ಬಿಂದುಗಳ ಎಫ್‌ಎಸ್‌ಆವರೇಜ್5 ಧಾರಾಳ ಸಾಕು. ನೈಲರ್ನ್ ಲೈಬ್ರರಿ ಬ್ರೌಸರ್‌ನಲ್ಲಿ ಮೆದುಳು ತೋರಿಸುವಾಗ ತಾನಾಗಿ ಆರಿಸಿಕೊಳ್ಳುವುದೂ ಅದನ್ನೇ. ಒಂದೇ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ತಿರುಗುವ ಮೆದುಳುಗಳನ್ನು ಇಟ್ಟು ‘ಮೊದಲಿನವು ಕಪ್ಪಾದವು’ ಎನ್ನುವವರಿಗೂ ಒಂದು ಮಾತು: ಕ್ರೋಮ್ ಬ್ರೌಸರ್ ಒಮ್ಮೆಗೆ ಸುಮಾರು 16 ಇಂಥ ಕಿಟಕಿಗಳನ್ನಷ್ಟೇ ಜೀವಂತ ಇಡುತ್ತದೆ, ಹೊಸದು ಬಂದಂತೆ ಹಳೆಯದನ್ನು ಬಿಡುತ್ತದೆ. ಕಾರ್ಡು ಎಷ್ಟು ದುಬಾರಿಯಾದರೂ ಈ ಮಿತಿ ಮಿತಿಯೇ.

ಎಂಆರ್‌ಐಯ ಇಡೀ ಘನವನ್ನು ಮಂಜಿನ ಹಾಗೆ ಪಾರದರ್ಶಕವಾಗಿ ತೋರಿಸಬೇಕು ಎಂದರೆ ಮಾತು ಬೇರೆ. 256 ಗುಣಿಲೆ 256 ಗುಣಿಲೆ 256 ಎಂದರೆ 1.68 ಕೋಟಿ ವೋಕ್ಸೆಲ್, ಅಂದರೆ ಪುಟ್ಟ ಘನಗಳು. ಅಲ್ಲಿ ಒಳ್ಳೆಯ ಕಾರ್ಡ್ ಕೆಲಸಕ್ಕೆ ಬರುತ್ತದೆ. ನಿಮ್ಮ ಪ್ರಬಂಧಕ್ಕೆ ಅದು ಬೇಕಿಲ್ಲ. ಎಂಆರ್‌ಐ ನೋಡಲು ಮೂರು ದಿಕ್ಕಿನ ಸೀಳುಗಳು ಸಾಕು, ವೈದ್ಯರು ನೋಡುವುದೂ ಹಾಗೆಯೇ.

ಇನ್ನು ಎಲೆಕ್ಟ್ರೋಡುಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎಂಎನ್‌ಇ ಎಲ್ಲವನ್ನೂ ಮೀಟರಿನಲ್ಲಿ ಅಳೆಯುತ್ತದೆ. ಫ್ರೀಸರ್ಫರಿನ ಮೇಲ್ಮೈಗಳು, ನಿಫ್ಟಿ ಎಂಬ ಎಂಆರ್‌ಐ ಕಡತಗಳು ಮಿಲಿಮೀಟರಿನಲ್ಲಿ. ನೀವು ಮೆದುಳಿನ ಮೆಶ್ಶನ್ನು ಬೇರೆ ಲೈಬ್ರರಿಯಿಂದ ಓದಿ, ಎಲೆಕ್ಟ್ರೋಡುಗಳನ್ನು ಎಂಎನ್‌ಇಯಿಂದ ತೆಗೆದು, ಎರಡನ್ನೂ ಪೈವಿಸ್ಟಾದಲ್ಲಿ ಒಂದೇ ಕಿಟಕಿಗೆ ಹಾಕಿದ್ದೀರಿ. ತಲೆಯ ನಡುವಿನಿಂದ ಎಲೆಕ್ಟ್ರೋಡಿಗೆ ಸುಮಾರು 9 ಸೆಂಟಿಮೀಟರ್, ಅಂದರೆ 0.09. ಮೆದುಳಿನ ಲೆಕ್ಕದಲ್ಲಿ ಅದು 0.09 ಮಿಲಿಮೀಟರ್. 64 ಎಲೆಕ್ಟ್ರೋಡುಗಳೂ ಒಂದು ಚುಕ್ಕೆಯಾದದ್ದು ಹೀಗೆ. ಇದರ ತಿರುವು ಇನ್ನೂ ಮೋಸದ್ದು. ಮಿಲಿಮೀಟರಿನ ಸ್ಥಾನಗಳನ್ನು ಮೀಟರ್ ಕೇಳುವ ಎಂಎನ್‌ಇಗೆ ಕೊಟ್ಟರೆ ಎಲೆಕ್ಟ್ರೋಡುಗಳು 90 ಮೀಟರ್ ದೂರ ಹೋಗಿ ನಿಲ್ಲುತ್ತವೆ. ಕ್ಯಾಮೆರಾ ಎಲ್ಲವನ್ನೂ ಚೌಕಟ್ಟಿನಲ್ಲಿ ಹಿಡಿಯಲು ಹಿಂದೆ ಸರಿಯುತ್ತದೆ, 180 ಮೀಟರ್ ಅಗಲದ ಮೈದಾನದ ನಡುವೆ ಒಂದು ತಲೆ, ಪರದೆಯಲ್ಲಿ ಒಂದು ಪಿಕ್ಸೆಲ್ ಕೂಡ ಅಲ್ಲ. ನಿಮಗೆ ಕಾಣುವುದು ಏನು? ಖಾಲಿ ಚೌಕ! ಸರ್ವರನ್ನೂ ಟ್ರೇಮನ್ನೂ ಬೈಯುತ್ತ ಎರಡು ದಿನ ಕಳೆದ ಮೇಲೆ ಸಿಕ್ಕಿದ್ದು ಒಂದು ಸೊನ್ನೆಗಳ ಲೆಕ್ಕ ಎಂಬ ಅನುಭವ ನನಗೂ ಆಗಿದೆ. ಅಂದಿನಿಂದ ಚಿತ್ರ ಬರೆಯುವ ಮುನ್ನ ಪ್ರತಿ ಮೆಶ್ಶಿನ ಕನಿಷ್ಠ, ಗರಿಷ್ಠ ಬೆಲೆಗಳನ್ನು ಪ್ರಿಂಟ್ ಮಾಡಿ ನೋಡುತ್ತೇನೆ. ಮನುಷ್ಯನ ತಲೆ 0.2ರ ಆಸುಪಾಸಿನಲ್ಲಿರಬೇಕು, ಇಲ್ಲವೇ 200ರ ಆಸುಪಾಸಿನಲ್ಲಿ.

ನೀವು ಸಾವಿರದಿಂದ ಗುಣಿಸಿದಿರಿ, ಅಳತೆ ಸರಿಯಾಯಿತು. ಆದರೂ ತೇಲುತ್ತಿವೆ, ಓರೆಯಾಗಿವೆ. ಏಕೆಂದರೆ ಸೊನ್ನೆ ಎಲ್ಲಿದೆ ಎಂಬುದರ ಬಗ್ಗೆ ಎರಡು ಕಡೆಯವರಿಗೂ ಒಪ್ಪಂದವಿಲ್ಲ. ಎಂಎನ್‌ಇಯ ತಲೆ ನಿರ್ದೇಶಾಂಕ ಹೀಗಿದೆ: ಎಡ ಕಿವಿಯ ಮುಂದಿನ ಬಿಂದುವಿನಿಂದ ಬಲಗಿವಿಯ ಮುಂದಿನ ಬಿಂದುವಿಗೆ ಒಂದು ಗೆರೆ, ಮೂಗಿನ ಬುಡದಿಂದ ಆ ಗೆರೆಗೆ ಒಂದು ಲಂಬ, ಅವು ಕೂಡುವಲ್ಲಿ ಸೊನ್ನೆ. ಫ್ರೀಸರ್ಫರಿನ ಮೇಲ್ಮೈಗೆ ಸೊನ್ನೆ ಎಂದರೆ ಎಂಆರ್‌ಐ ಘನದ ನಟ್ಟನಡು. ಒಂದು ಊರಿನ ಮೈಲಿಗಲ್ಲು ದೇವಸ್ಥಾನದಿಂದ ಎಣಿಸುತ್ತದೆ, ಇನ್ನೊಂದರದ್ದು ಬಸ್‌ಸ್ಟ್ಯಾಂಡಿನಿಂದ. ಜೊತೆಗೆ ಸ್ಕ್ಯಾನರಿನಲ್ಲಿ ಮಲಗಿದವರು ಗದ್ದವನ್ನು ಒಂದಿಷ್ಟು ಮೇಲೆತ್ತಿದ್ದರೆ ಅಷ್ಟು ಓರೆ.

ಈ ಎರಡನ್ನೂ ಜೋಡಿಸುವುದು ‘ಟ್ರಾನ್ಸ್’ ಎಂಬ ಪುಟ್ಟ ಕಡತ. ತಿರುಗಿಸುವಿಕೆ ಮತ್ತು ಸರಿಸುವಿಕೆಯ 16 ಅಂಕಿಗಳ ಒಂದು ಕೋಷ್ಟಕ ಅಷ್ಟೆ. ಅದು ಆಕಾಶದಿಂದ ಬೀಳುವುದಿಲ್ಲ, ಎಂಎನ್‌ಇಯ ಕೋರೆಜಿಸ್ಟ್ರೇಷನ್ ಕಿಟಕಿಯಲ್ಲಿ ಕೂತು ಮೂಗಿನ ಬುಡ, ಎರಡು ಕಿವಿಯ ಬಿಂದುಗಳನ್ನು ಎಂಆರ್‌ಐ ತಲೆಯ ಮೇಲೆ ಗುರುತಿಸಿ, ಆಮೇಲೆ ಉಳಿದ ಬಿಂದುಗಳಿಂದ ಹೊಂದಿಸಿ ನೀವೇ ಮಾಡಬೇಕು. ಈ ಒಂದು ಕೆಲಸವನ್ನು ಮಾತ್ರ ಬ್ರೌಸರ್‌ನಲ್ಲಿ ಮಾಡಬೇಡಿ. ಗೆಳತಿಯ ಲ್ಯಾಪ್‌ಟಾಪ್ ಒಂದು ಮಧ್ಯಾಹ್ನಕ್ಕೆ ಕೇಳಿ ಪಡೆದು, ನೋಟ್‌ಬುಕ್ಕಿನ ಹೊರಗೆ, ಸ್ವಂತ ಕಿಟಕಿಯಲ್ಲಿ ಮಾಡಿ. ಮೌಸ್ ಒತ್ತಿದ ಅರ್ಧ ಸೆಕೆಂಡಿನ ನಂತರ ತಲೆ ಅಲುಗಾಡಿದರೆ ಮಿಲಿಮೀಟರಿನ ಕೆಲಸ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ದತ್ತಾಂಶವನ್ನು ಆ ಲ್ಯಾಪ್‌ಟಾಪಿನಿಂದ ಅಳಿಸುವುದನ್ನು ಮರೆಯಬೇಡಿ.

ಕೈಯಿಂದ ಎಳೆದು ‘ಕಣ್ಣಳತೆಗೆ ಸರಿ’ ಮಾಡುವ ಆಸೆ ಬರುತ್ತದೆ. ಸಾವಿರದಿಂದ ಗುಣಿಸಿದ ಕೈ ಮುಂದಿನ ಸಲ ಮೂರು ಸೆಂಟಿಮೀಟರ್ ಕೆಳಗಿಳಿಸುತ್ತದೆ. ಚಿತ್ರ ಚಂದವಾಗುತ್ತದೆ, ಆದರೆ ಮೂಲ ಹುಡುಕುವ ಲೆಕ್ಕ ಹಳೆಯ ಸ್ಥಾನಗಳಲ್ಲೇ ನಡೆದಿರುತ್ತದೆ. ಚಿತ್ರದಲ್ಲಿ ತಿದ್ದಿದ ತಪ್ಪು ಪ್ರಬಂಧದಲ್ಲಿ ಹಾಗೇ ಉಳಿಯುತ್ತದೆ, ಈಗ ಕಾಣದಂತೆ. ಖಾಲಿ ಪರದೆಗಿಂತ ನಾನು ಇದಕ್ಕೆ ಹೆದರುವುದು. ತೇಲುವ ಎಲೆಕ್ಟ್ರೋಡ್ ನಿಮ್ಮ ಸ್ನೇಹಿತ, ಏನೋ ತಪ್ಪಿದೆ ಎಂದು ಕೂಗಿ ಹೇಳುತ್ತಿದೆ.

ಎಂಆರ್‌ಐ ಇಲ್ಲದ ಸ್ವಯಂಸೇವಕರಿಗೆ ಎಫ್‌ಎಸ್‌ಆವರೇಜ್ ತಲೆ, ಎಂಎನ್‌ಇಯಲ್ಲೇ ಇರುವ ಪ್ರಮಾಣಿತ ಎಲೆಕ್ಟ್ರೋಡ್ ಸ್ಥಾನಗಳು, ಅದಕ್ಕೆಂದೇ ಇರುವ ‘ಎಫ್‌ಎಸ್‌ಆವರೇಜ್’ ಟ್ರಾನ್ಸ್. ಈ ಮೂರನ್ನೂ ಒಟ್ಟಿಗೆ ಬಳಸಿದರೆ ಎಲ್ಲ ಚೊಕ್ಕವಾಗಿ ಕೂರುತ್ತದೆ. ಒಂದನ್ನು ಮಾತ್ರ ಬದಲಿಸಿದರೆ ಮತ್ತೆ ತೇಲುತ್ತದೆ. ಆದರೆ ಚೊಕ್ಕವಾಗಿ ಕೂತಿತು ಎಂದರೆ ನಿಮ್ಮ ಸ್ವಯಂಸೇವಕರ ತಲೆಯ ಮೇಲೆ ಎಲೆಕ್ಟ್ರೋಡಿನ ಟೋಪಿ ಹಾಗೆಯೇ ಇತ್ತು ಎಂದಲ್ಲ. ಅದನ್ನು ಪ್ರಬಂಧದಲ್ಲಿ ಒಂದು ವಾಕ್ಯ ಬರೆದು ಒಪ್ಪಿಕೊಳ್ಳಿ, ಪರೀಕ್ಷಕರು ಕೇಳುವ ಮೊದಲು.

ಜೋಡಣೆ ಆದ ಮೇಲೂ ಕೆಲವು ಎಲೆಕ್ಟ್ರೋಡುಗಳು ಚರ್ಮದಿಂದ ನಾಲ್ಕಾರು ಮಿಲಿಮೀಟರ್ ಮೇಲೆ ಇರಬಹುದು, ಗಾಬರಿ ಬೇಡ. ದಪ್ಪ ಕೂದಲು, ಟೋಪಿಯಡಿ ಸಿಕ್ಕಿಕೊಂಡ ಜಡೆಯ ಬುಡ ಇವೆಲ್ಲ ಅಷ್ಟು ಎತ್ತರಿಸುತ್ತವೆ. (ಎಣ್ಣೆ ಹಚ್ಚಿಕೊಂಡು ಬರಬೇಡಿ ಎಂದು ಹಿಂದಿನ ದಿನವೇ ಹೇಳುವುದನ್ನು ಕಲಿತಿದ್ದೀರಿ ಅಂದುಕೊಳ್ಳುತ್ತೇನೆ.) ‘ಪ್ಲಾಟ್ ಅಲೈನ್‌ಮೆಂಟ್’ ಫಂಕ್ಷನ್ನಿನಲ್ಲಿ ಅಳೆದ ಸ್ಥಾನವನ್ನೂ ಚರ್ಮದ ಮೇಲೆ ಇಳಿಸಿದ ಸ್ಥಾನವನ್ನೂ ಎರಡನ್ನೂ ಕೇಳಿ. ಎರಡರ ನಡುವಿನ ಅಂತರ ಎಲ್ಲ ಕಡೆ ಸಣ್ಣದಾಗಿ, ಸಮವಾಗಿ ಇದ್ದರೆ ಅದು ಕೂದಲು. ಒಂದು ಕಡೆ ಹತ್ತಿರ, ಎದುರು ಕಡೆ ದೂರ ಇದ್ದರೆ ಅದು ಓರೆ, ಮತ್ತೆ ಜೋಡಿಸಿ.

ಎಡ ಬಲದ ತಪ್ಪು ಮಾತ್ರ ಹೀಗೆ ಕೂಗುವುದಿಲ್ಲ, ತೆಪ್ಪಗಿರುತ್ತದೆ. ಮೆದುಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತರ ಇರುವುದರಿಂದ ಕನ್ನಡಿಯಲ್ಲಿ ತಿರುಗಿದ ಮೆದುಳು ಪರದೆಯ ಮೇಲೆ ಏನೂ ಆಗದವರಂತೆ ಸುತ್ತುತ್ತದೆ. ಸ್ಕ್ಯಾನರ್ ಕೊಡುವ ಡೈಕಾಂ ಕಡತದಲ್ಲಿ ಅಂಕಿ ಎಡಕ್ಕೆ ಹೋದಂತೆ ಹೆಚ್ಚುತ್ತದೆ, ನಿಫ್ಟಿಯಲ್ಲಿ ಬಲಕ್ಕೆ. ರೇಡಿಯಾಲಜಿಯವರು ರೋಗಿಯ ಬಲಭಾಗವನ್ನು ಪರದೆಯ ಎಡಕ್ಕೆ ಇಟ್ಟು ನೋಡುತ್ತಾರೆ. ಶುರುವಿನ ದಿನಗಳಲ್ಲಿ ನಾನು ಯಾವ ಅಂಕಿ ತಲೆಯ ಯಾವ ಜಾಗದ್ದು ಎಂದು ಹೇಳುವ, ಕಡತದ ಜೊತೆ ಬರುವ ಅಫೈನ್ ಕೋಷ್ಟಕವನ್ನು ಕಡೆಗಣಿಸಿ ಬರಿಯ ಅಂಕಿಗಳ ಸಾಲನ್ನು ಮೆಶ್ ಮಾಡಿದ್ದೆ. ಬಲಗೈ ಬೆರಳು ಆಡಿಸಿದಾಗ, ಎಡ ಅರ್ಧಗೋಳ ಹೊಳೆಯಬೇಕಾದಲ್ಲಿ, ಬಲ ಅರ್ಧಗೋಳ ಹೊಳೆಯಿತು. ನಾನು ಖುಷಿಯಲ್ಲಿದ್ದೆ, ಪಕ್ಕದಲ್ಲಿದ್ದ ವೈದ್ಯರೊಬ್ಬರು ‘ಇವರು ಯಾವ ಲೋಕದವರು?’ ಎಂದರು.

ಇದಕ್ಕೆ ಹಳೆಯ ಉಪಾಯ, ಸ್ಕ್ಯಾನಿನ ಹೊತ್ತಿಗೆ ಒಂದು ಕಡೆಯ ಹಣೆಗೆ ವಿಟಮಿನ್ ಇ ಮಾತ್ರೆ ಅಂಟಿಸುವುದು. ಎಂಆರ್‌ಐಯಲ್ಲಿ ಅದು ಬೆಳ್ಳಗೆ ಕಾಣುತ್ತದೆ. ನಿಮ್ಮ ಸ್ಕ್ಯಾನ್ ಮುಗಿದಿದೆಯಾದ್ದರಿಂದ ಇನ್ನೊಂದು ದಾರಿ: ಎಂಎನ್‌ಇ ಜೊತೆ ಸಿಗುವ ಸ್ಯಾಂಪಲ್ ದತ್ತಾಂಶ. 306 ಚಾನಲ್ಲಿನ ಎಂಇಜಿ (ಮೆದುಳಿನ ಕಾಂತಕ್ಷೇತ್ರ ಅಳೆಯುವ) ಯಂತ್ರದಲ್ಲಿ 60 ಇಇಜಿ ಚಾನಲ್ ಜೊತೆ ಮಾಡಿದ ಒಂದೇ ವ್ಯಕ್ತಿಯ ದಾಖಲೆ. ಎಡಗಿವಿಗೆ, ಬಲಗಿವಿಗೆ ಶಬ್ದ, ನೋಟದ ಎಡಬದಿಗೆ, ಬಲಬದಿಗೆ ಚಿತ್ರ, ನಡುನಡುವೆ ನಗುಮುಖ ಬಂದರೆ ಬಲತೋರುಬೆರಳಿನಿಂದ ಗುಂಡಿ ಒತ್ತಬೇಕು. ಟ್ರಾನ್ಸ್ ಕಡತವೂ ಜೊತೆಗೇ ಇದೆ. ನಿಮ್ಮ ಇಡೀ ನೋಟ್‌ಬುಕ್ಕನ್ನು ಮೊದಲು ಅದರ ಮೇಲೆ ಓಡಿಸಿ. ಎಡಬದಿಯ ಚಿತ್ರಕ್ಕೆ ಮೆದುಳಿನ ಬಲ ಹಿಂಭಾಗ ಹೊಳೆದರೆ ನಿಮ್ಮ ಎಡಬಲ ಸರಿ. ಸರ್ವರಿನ ತೊಂದರೆಯನ್ನೂ ನಿಮ್ಮ ದತ್ತಾಂಶದ ತೊಂದರೆಯನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಜರಡಿ ಇಲ್ಲ: ಸ್ಯಾಂಪಲ್ ಕಾಣುತ್ತದೆ, ನಿಮ್ಮದು ಕಾಣುವುದಿಲ್ಲ ಎಂದರೆ ಸಿಸ್ಟಂನವರನ್ನು ಬೈಯಬೇಡಿ.

ನೀವು ಕೇಳಿಲ್ಲ, ಆದರೂ ಬಣ್ಣದ ಬಗ್ಗೆ ಹೇಳಬೇಕು, ಸೆಮಿನಾರಿನಲ್ಲಿ ಕೂತವರು ನೋಡುವುದು ಅದನ್ನೇ. ಎಂಎನ್‌ಇ ತಾನಾಗಿ ಬಣ್ಣದ ಮಿತಿ ಆರಿಸುವಾಗ ಬೆಲೆಗಳಲ್ಲಿ 96, 97.5, 99.95ನೇ ಶತಾಂಶಗಳನ್ನು ತೆಗೆದುಕೊಳ್ಳುತ್ತದೆ. ಅಂದರೆ ದತ್ತಾಂಶ ಏನೇ ಇರಲಿ, ಮೇಲಿನ ನಾಲ್ಕು ಪ್ರತಿಶತಕ್ಕೆ ಬಣ್ಣ ಬಂದೇ ಬರುತ್ತದೆ. ಬರಿಯ ಗದ್ದಲವನ್ನು ಕೊಟ್ಟರೂ ಮೆದುಳಿನ ಮೇಲೆ ಎಲ್ಲೋ ಒಂದು ಕಡೆ ಕೆಂಡ ಹೊಳೆಯುತ್ತದೆ. ನಂಬಿಕೆ ಬರದಿದ್ದರೆ ಯಾದೃಚ್ಛಿಕ ಅಂಕಿಗಳನ್ನು ಹಾಕಿ ನೋಡಿ, ಹತ್ತು ನಿಮಿಷದ ಕೆಲಸ. ಎರಡು ಸ್ಥಿತಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವಾಗ ಮಿತಿಗಳನ್ನು ನೀವೇ ಅಂಕಿಯಲ್ಲಿ ಕೊಡಿ, ಎರಡಕ್ಕೂ ಅವೇ ಇರಲಿ. ಇಲ್ಲದಿದ್ದರೆ ದುರ್ಬಲ ಸ್ಥಿತಿಯೂ ಪ್ರಬಲದಷ್ಟೇ ಕೆಂಪಾಗಿ ಕಾಣುತ್ತದೆ. ಅಂಚಿನ ನುಣುಪನ್ನೂ ನಂಬಬೇಡಿ. 64 ಎಲೆಕ್ಟ್ರೋಡುಗಳಿಂದ ಎಂಟು ಸಾವಿರ ಬಿಂದುಗಳ ಬೆಲೆ ಊಹಿಸಿ, ಅದನ್ನು ಲಕ್ಷಗಟ್ಟಲೆ ಬಿಂದುಗಳಿಗೆ ಹರಡಿದ್ದು ಆ ನುಣುಪು. ತಿರುಗಿಸಿ ನೋಡಿದರೆ ಹೆಚ್ಚು ನಿಖರ ಎಂಬುದು ಭ್ರಮೆ. ತಿರುಗಿಸುವುದು ನಿಮಗೆ, ಜೋಡಣೆಯ ತಪ್ಪು ಹುಡುಕಲು. ಓದುಗರಿಗೆ ನಾಲ್ಕು ಕೋನದ ನಾಲ್ಕು ನಿಂತ ಚಿತ್ರಗಳು ಸಾಕು.

ಗೂಗಲ್ ಕೊಲ್ಯಾಬ್ (ಗೂಗಲ್‌ನ ಸರ್ವರಿನಲ್ಲಿ ಓಡುವ ನೋಟ್‌ಬುಕ್) ಬಳಸಬಹುದೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು. ಸ್ಯಾಂಪಲ್ ದತ್ತಾಂಶದ ಕಲಿಕೆಗೆ ಬಳಸಿ. ಸ್ವಯಂಸೇವಕರ ಎಂಆರ್‌ಐಯನ್ನು ಅಲ್ಲಿಗೆ ಏರಿಸಬೇಡಿ. ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದು ಮೊದಲು ಓದಿ.

ವಾಟ್ಸಾಪ್ ಪ್ರಶ್ನೆಗೂ ಇದೇ ಕಾರಣಕ್ಕೆ ನನ್ನ ಉತ್ತರ ಕಟುವಾಗಿದೆ. ಎಂಆರ್‌ಐಯಿಂದ ಮಾಡಿದ ತಲೆಯ ಮೇಲ್ಮೈ ಎಂದರೆ ಮುಖ. ಮೂಗು, ತುಟಿ, ಗದ್ದ ಎಲ್ಲ ಇರುತ್ತದೆ. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 84 ಸ್ವಯಂಸೇವಕರ ಎಂಆರ್‌ಐಯಿಂದ ಮುಖಗಳನ್ನು ಕಟ್ಟಿ, ಮುಖ ಗುರುತಿಸುವ ಸಾಫ್ಟ್‌ವೇರಿಗೆ ಅವರ ಫೋಟೋಗಳ ಜೊತೆ ಹೊಂದಿಸಲು ಕೊಟ್ಟರು. 70 ಜನರನ್ನು ಅದು ಸರಿಯಾಗಿ ಗುರುತಿಸಿತು. ಹೆಸರು ಅಳಿಸಿದರೆ ಸಾಕು ಎಂಬ ಕಾಲ ಹೋಯಿತು. ನೋಟ್‌ಬುಕ್ಕಿನಲ್ಲಿ ಇನ್ನೊಂದು ಗುಟ್ಟಿದೆ: ನೀವು ದತ್ತಾಂಶದ ಕಡತವನ್ನು ಕಳಿಸದಿದ್ದರೂ, ಬ್ರೌಸರ್‌ನಲ್ಲಿ ತಿರುಗುವ ಚಿತ್ರವನ್ನು ಉಳಿಸಿದ್ದರೆ ಆ ಮುಖದ ಮೆಶ್ ಪೂರ್ತಿಯಾಗಿ ನೋಟ್‌ಬುಕ್ ಕಡತದೊಳಗೇ ಕೂತಿರುತ್ತದೆ. ಚಿತ್ರ ಎಲ್ಲಿ ತಯಾರಾಗುತ್ತದೆ ಎಂಬ ಮೊದಲ ಪ್ರಶ್ನೆ ಇಲ್ಲಿಗೂ ಬಂತು ನೋಡಿ. ಬ್ರೌಸರ್‌ನಲ್ಲಿ ಎಂದಾದರೆ, ಚಿತ್ರದ ಜೊತೆ ದತ್ತಾಂಶವೂ ಹೋಗಿದೆ ಎಂದೇ ಅರ್ಥ. ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ಏರಿಸುವ ಮುನ್ನ ಔಟ್‌ಪುಟ್‌ಗಳನ್ನೆಲ್ಲ ಅಳಿಸಿ. ಏರಿಸಿದ ಮೇಲೆ ಅಳಿಸಿದರೆ ಪ್ರಯೋಜನ ಕಡಿಮೆ, ಗಿಟ್ ಹಳೆಯದನ್ನು ನೆನಪಿಟ್ಟುಕೊಳ್ಳುತ್ತದೆ. ಅಲ್ಲದೆ ಗಿಟ್‌ಹಬ್ ಪುಟದಲ್ಲಿ ತಿರುಗುವ ಚಿತ್ರ ಕಾಣುವುದೂ ಇಲ್ಲ. ಮುಖ ಹೋಯಿತು, ಮೆದುಳೂ ಕಾಣಲಿಲ್ಲ ಎಂಬಂತಾಗುತ್ತದೆ.

ಮುಖ ಅಳಿಸುವ ಸಲಕರಣೆಗಳಿವೆ, ಪೈಡಿಫೇಸ್ ಅಂಥದ್ದೊಂದು. ಆದರೆ ಅವಸರದಲ್ಲಿ ಮೊದಲೇ ಓಡಿಸಿದರೆ ಮೂಗು ಹೋಗುತ್ತದೆ, ಮೂಗಿನ ಬುಡವಿಲ್ಲದೆ ಎಲೆಕ್ಟ್ರೋಡ್ ಜೋಡಣೆ ಕಷ್ಟ. ಮೊದಲು ಮುಖವಿರುವ ಎಂಆರ್‌ಐಯಲ್ಲೇ ಜೋಡಿಸಿ ಟ್ರಾನ್ಸ್ ಉಳಿಸಿಕೊಳ್ಳಿ. ಹಂಚುವುದೇನಿದ್ದರೂ ಆಮೇಲೆ ಮುಖ ತೆಗೆದ ಪ್ರತಿ. ಜಾಗ ಬದಲಾಗದ ಕಾರಣ ಅದೇ ಟ್ರಾನ್ಸ್ ಅದಕ್ಕೂ ಹೊಂದುತ್ತದೆ.

ಗೈಡ್‌ಗೆ ತಿರುಗುವ ಮೆದುಳು ಬೇಕೇ ಬೇಕಲ್ಲ. ಫಲಿತಾಂಶವನ್ನು ಎಫ್‌ಎಸ್‌ಆವರೇಜ್ ಮೇಲೆ ಹೊರಿಸಿ, ಮುಖವಿಲ್ಲದೆ ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮಾತ್ರ ಇಟ್ಟು, ನೈಲರ್ನ್‌ನಿಂದ ಒಂದು ಎಚ್‌ಟಿಎಂಎಲ್ ಕಡತ ಮಾಡಿ ಕೊಡಿ. ಅವರ ಬ್ರೌಸರ್‌ನಲ್ಲಿ ಪೈಥಾನ್ ಇಲ್ಲದೆಯೂ ತಿರುಗುತ್ತದೆ. ಅದು ನಲವತ್ತು ಜನರ ಸರಾಸರಿ ಮೆದುಳಾದ್ದರಿಂದ ವಾಟ್ಸಾಪ್‌ನಲ್ಲಿ ಹೋದರೂ ಯಾರ ಮುಖವೂ ಹೋಗುವುದಿಲ್ಲ. ಸೆಮಿನಾರಿಗಂತೂ ಅದನ್ನೂ ನೆಚ್ಚಬೇಡಿ. ಎಂಎನ್‌ಇಯ ಮೆದುಳಿನ ಕಿಟಕಿಗೆ ‘ಸೇವ್ ಮೂವಿ’ ಎಂಬ ಸೌಲಭ್ಯವಿದೆ, ಸಮಯದ ಜೊತೆ ಬಣ್ಣ ಬದಲಾಗುವುದನ್ನು ವಿಡಿಯೋ ಮಾಡಿಕೊಡುತ್ತದೆ. ಗೆಳತಿಯ ಲ್ಯಾಪ್‌ಟಾಪಿನಲ್ಲಿ ಜೋಡಣೆ ಮಾಡುವ ಆ ಮಧ್ಯಾಹ್ನವೇ ಇದನ್ನೂ ಮುಗಿಸಿಕೊಳ್ಳಿ. ಸ್ಲೈಡಿಗೆ ಹತ್ತು ಸೆಕೆಂಡಿನ ವಿಡಿಯೋ ಸಾಕು. ಅದರ ಮುಂದಿನ ಸ್ಲೈಡಿನಲ್ಲಿ ಅದೇ ಬಣ್ಣದ ಮಿತಿಯ ನಾಲ್ಕು ನಿಂತ ಚಿತ್ರಗಳಿರಲಿ, ಸಭಾಂಗಣದ ಕಂಪ್ಯೂಟರ್ ವಿಡಿಯೋ ಆಡಿಸಲು ಒಪ್ಪದ ದಿನಕ್ಕೆ.